ಚಪ್ಪಟೆ ಬಟ್ಟೆಗೆ ಮೈಯ ಆಕಾರ: ಡಾರ್ಟ್, ಗ್ಯಾದರ್, ನೆರಿಗೆ ಮತ್ತು ಇಸ್ತ್ರಿಯ ಕೆಲಸ

(ಹೊಲಿಗೆ ಕಲಿಯುತ್ತಿರುವವರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ. ವೇದಿಕೆಯಲ್ಲಿ ತುಂಡು ಬಟ್ಟೆ ಹಿಡಿದು ತೋರಿಸಿದ್ದನ್ನು ಇಲ್ಲಿ ಮಾತಿನಲ್ಲಿ ವಿವರಿಸಿದೆ.)

ಎಲ್ಲರಿಗೂ ನಮಸ್ಕಾರ. ಮೊದಲು ಒಂದು ಕಾಗದ ತೆಗೆದುಕೊಳ್ಳಿ. ಅದನ್ನು ದುಂಡಗೆ ಕತ್ತರಿಸಿ, ಅಂಚಿನಿಂದ ಕೇಂದ್ರದವರೆಗೆ ಒಂದು ಸೀಳು ಹಾಕಿ. ಸೀಳಿನ ಒಂದು ಬದಿಯನ್ನು ಇನ್ನೊಂದರ ಮೇಲೆ ಸ್ವಲ್ಪ ಸರಿಸಿ. ಚಪ್ಪಟೆಯಾಗಿದ್ದ ಕಾಗದ ಶಂಕುವಾಗಿ ಎದ್ದು ನಿಲ್ಲುತ್ತದೆ. ಹೆಚ್ಚು ಸರಿಸಿದಷ್ಟೂ ಶಂಕು ಚೂಪಾಗುತ್ತದೆ. ಬಟ್ಟೆಗೆ ಆಕಾರ ಕೊಡುವ ಕೆಲಸದ ಬುಡ ಇಷ್ಟೇ: ಒಂದು ಅಂಚಿನಲ್ಲಿ ಬಟ್ಟೆಯನ್ನು ಹಿಡಿದರೆ ಅದರ ಆಚೆ ಎಲ್ಲೋ ಉಬ್ಬು ಹುಟ್ಟುತ್ತದೆ.

ಮೈಯ ಅಳತೆ ಎಲ್ಲ ಕಡೆ ಒಂದೇ ಇರುವುದಿಲ್ಲ. ಸೊಂಟ 72 ಸೆಂ.ಮೀ. ಇರುವ ಕಡೆಯಿಂದ ಒಂದು ಗೇಣು ಕೆಳಗೆ ಹೋದರೆ 96 ಸೆಂ.ಮೀ. ಬೇಕಾಗುತ್ತದೆ. ಬಟ್ಟೆಯನ್ನು 96ಕ್ಕೆ ಕತ್ತರಿಸಿದರೆ ಸೊಂಟದಲ್ಲಿ 24 ಸೆಂ.ಮೀ. ಹೆಚ್ಚಾಗಿ ಉಳಿಯುತ್ತದೆ. ಈ ಹೆಚ್ಚಾದ ಬಟ್ಟೆಯನ್ನು ಎಲ್ಲಿ ಹಿಡಿಯಬೇಕು, ಎಲ್ಲಿ ಬಿಡಬೇಕು ಎಂಬುದೇ ನಮ್ಮ ಮುಂದಿರುವ ಪ್ರಶ್ನೆ. ಡಾರ್ಟ್, ಅಂದರೆ ಅಂಚಿನಿಂದ ತುದಿಗೆ ಚೂಪಾಗುತ್ತಾ ಹೋಗುವಂತೆ ಹೊಲಿದ ಮಡಿಕೆ, ಅದನ್ನು ಹಿಡಿದು ಒಂದು ಬಿಂದುವಿನಲ್ಲಿ ಬಿಡುತ್ತದೆ. ನೆರಿಗೆ ಮಡಚಿ ಬಿಡುತ್ತದೆ. ಗ್ಯಾದರ್ ಸಣ್ಣ ಸುಕ್ಕುಗಳಾಗಿ ಉದ್ದಕ್ಕೂ ಹರಡುತ್ತದೆ. ಪ್ರಿನ್ಸೆಸ್ ಕಟ್‌ನಲ್ಲಿ ಅದನ್ನು ಕತ್ತರಿಸಿಯೇ ತೆಗೆಯುತ್ತೇವೆ. ತೋಳಿನ ತಲೆಯಲ್ಲಿ (ಭುಜಕ್ಕೆ ಸೇರುವ ದುಂಡು ಮೇಲ್ಭಾಗದಲ್ಲಿ) ಕಣ್ಣಿಗೆ ಕಾಣದಂತೆ ಅಡಗಿಸುತ್ತೇವೆ. ಹೆಸರು ಎಷ್ಟೇ ಇರಲಿ, ಪ್ರತಿ ಸಲ ಈ ಎರಡು ಪ್ರಶ್ನೆ ಕೇಳಿಕೊಂಡರೆ ಯಾವ ವಿಧಾನ ಬೇಕೆಂಬುದು ತಾನಾಗಿ ಹೊಳೆಯುತ್ತದೆ.

ಕತ್ತರಿ ಹಿಡಿಯುವ ಮೊದಲು ಎರಡು ಮಾತು. ನೇಯ್ದ ಬಟ್ಟೆಯಲ್ಲಿ ನೇಯ್ಗೆಯ ಅಂಚಿಗೆ (ಥಾನಿನ ಉದ್ದದ ಬದಿಗೆ) ಸಮನಾಗಿ ಓಡುವುದು ಹಾಸು, ಅಡ್ಡಕ್ಕೆ ಓಡುವುದು ಹೊಕ್ಕು. ಹಾಸಿನ ಎಳೆ ಕಡಿಮೆ ಹಿಗ್ಗುತ್ತದೆ, ಹೊಕ್ಕು ಸ್ವಲ್ಪ ಹೆಚ್ಚು, ಇವೆರಡರ ನಡುವಿನ 45 ಡಿಗ್ರಿ ಓರೆಯಲ್ಲಿ ಬಟ್ಟೆ ಎಲ್ಲಕ್ಕಿಂತ ಹೆಚ್ಚು ಹಿಗ್ಗುತ್ತದೆ. ಪ್ಯಾಟರ್ನ್ (ಕತ್ತರಿಸಲು ಇಡುವ ಕಾಗದದ ಮಾದರಿ) ಮೇಲಿನ ಬಾಣದ ಗುರುತು ಹಾಸಿಗೆ ಸಮನಾಗಿ ಕೂರಲೇಬೇಕು. ಬಾಣದ ಎರಡೂ ತುದಿಯಿಂದ ಅಂಚಿಗೆ ಟೇಪ್ ಹಿಡಿದು ನೋಡಿ, ಎರಡೂ ಅಳತೆ ಒಂದೇ ಬರಬೇಕು. ಎರಡನೆಯದು, ಹತ್ತಿ ಬಟ್ಟೆಯನ್ನು ಕತ್ತರಿಸುವ ಮೊದಲು ನೀರಿಗೆ ಹಾಕಿ ಒಣಗಿಸಿ ಇಸ್ತ್ರಿ ಮಾಡಿ. ಹೊಲಿದ ಮೇಲೆ ಕುಗ್ಗಿದರೆ ಸೊಂಟಕ್ಕೆ ಲೆಕ್ಕ ಹಾಕಿ ಇಟ್ಟ ಡಾರ್ಟ್ ಸೊಂಟದಲ್ಲಿ ಇರುವುದಿಲ್ಲ.

ಈಗ ಡಾರ್ಟ್. ಇದಕ್ಕೆ ಉಳಿದೆಲ್ಲಕ್ಕಿಂತ ಹೆಚ್ಚು ಹೊತ್ತು ಕೊಡುತ್ತೇನೆ, ಯಾಕೆಂದರೆ ಡಾರ್ಟ್ ಅರ್ಥವಾದವರಿಗೆ ಉಳಿದವು ಬೇಗ ಅರ್ಥವಾಗುತ್ತವೆ.

ಡಾರ್ಟ್‌ಗೆ ಎರಡು ಕಾಲು, ಒಂದು ತುದಿ. ಕಾಲುಗಳ ನಡುವಿನ ಅಗಲವೇ ಅದು ಹಿಡಿಯುವ ಬಟ್ಟೆ. ಮೇಲೆ ಹೇಳಿದ ಅಳತೆಯ ಸ್ಕರ್ಟ್ ಒಂದನ್ನು ತೆಗೆದುಕೊಳ್ಳೋಣ. ಸಡಿಲಿಕೆಯೂ ಸೇರಿ ಸೊಂಟ 72, ಹಿಪ್ (ಸೊಂಟದ ಕೆಳಗಿನ ಅಗಲವಾದ ಭಾಗ) 96, ತೆಗೆಯಬೇಕಾದದ್ದು 24 ಸೆಂ.ಮೀ. ಎಲ್ಲವನ್ನೂ ಪಕ್ಕದ ಹೊಲಿಗೆಯಲ್ಲೇ ತೆಗೆದರೆ ಏನಾಗುತ್ತದೆ? ಪಕ್ಕದಲ್ಲಿ ಚೂಪಾದ ಉಬ್ಬು ಎದ್ದು ನಿಲ್ಲುತ್ತದೆ, ಹಿಂದೆ ಬಟ್ಟೆ ಬಿಗಿದು ಮೇಲಕ್ಕೆ ಏರುತ್ತದೆ. ಯಾಕೆಂದರೆ ಮೈ ಉಬ್ಬಿರುವುದು ಪಕ್ಕದಲ್ಲಿ ಮಾತ್ರವಲ್ಲ. ಆದ್ದರಿಂದ ಹಂಚಬೇಕು. ಪಕ್ಕದ ಎರಡು ಹೊಲಿಗೆಗಳಲ್ಲಿ ನಾಲ್ಕು ಅಂಚುಗಳಿವೆ, ಒಂದೊಂದರಲ್ಲಿ 2 ಸೆಂ.ಮೀ. ತೆಗೆದರೆ 8 ಆಯಿತು. ಮುಂಭಾಗಕ್ಕೆ 2.5 ಸೆಂ.ಮೀ. ಅಗಲದ ಎರಡು ಡಾರ್ಟ್, ಅಲ್ಲಿಗೆ 5. ಉಳಿದ 11 ಸೆಂ.ಮೀ. ಹಿಂಭಾಗದ ನಾಲ್ಕು ಡಾರ್ಟ್‌ಗೆ, ಒಂದೊಂದಕ್ಕೆ 2.75. ಹಿಂದೆ ಹೆಚ್ಚು, ಮುಂದೆ ಕಡಿಮೆ ಎಂಬುದನ್ನು ಗಮನಿಸಿ. ಉದ್ದದಲ್ಲೂ ವ್ಯತ್ಯಾಸವಿದೆ: ಹೊಟ್ಟೆಯ ಉಬ್ಬು ಸೊಂಟಕ್ಕೆ ಹತ್ತಿರ, ಆದ್ದರಿಂದ ಮುಂದಿನ ಡಾರ್ಟ್ 9–10 ಸೆಂ.ಮೀ. ಸಾಕು. ಹಿಂದಿನ ಉಬ್ಬು ಇನ್ನೂ ಕೆಳಗೆ, ಅಲ್ಲಿ 12–14 ಸೆಂ.ಮೀ. ಬೇಕು. ಒಂದೇ ಡಾರ್ಟ್ 3.5 ಸೆಂ.ಮೀ. ದಾಟುತ್ತಿದ್ದರೆ ಅದನ್ನು ಎರಡು ಮಾಡಿ. ಅಗಲ ಡಾರ್ಟ್‌ನ ತುದಿ ಎಷ್ಟೇ ಜಾಣತನದಿಂದ ಹೊಲಿದರೂ ಮೊನೆಯಾಗಿ ಎದ್ದು ಕಾಣುತ್ತದೆ.

ಎದೆಯ ಡಾರ್ಟ್‌ನಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಎಂದರೆ ತುದಿಯನ್ನು ನೇರವಾಗಿ ಎದೆಯ ಬಿಂದುವಿಗೇ (ಎದೆ ಅತಿ ಹೆಚ್ಚು ಉಬ್ಬಿರುವ ಜಾಗಕ್ಕೇ) ತಂದು ನಿಲ್ಲಿಸುವುದು. ಮೈ ಅಲ್ಲಿ ಬಿಂದುವಲ್ಲ, ದುಂಡು. ತುದಿ 2–3 ಸೆಂ.ಮೀ. ಹಿಂದೆಯೇ ನಿಲ್ಲಬೇಕು. ತುಂಬಿದ ಮೈಯಾದರೆ 4–5 ಸೆಂ.ಮೀ. ಹಿಂದೆ ನಿಂತರೂ ಸರಿಯೇ. ದಿಕ್ಕು ಮಾತ್ರ ಬಿಂದುವಿನ ಕಡೆಗೇ ಇರಬೇಕು.

ಹೊಲಿಯುವ ಕ್ರಮಕ್ಕೆ ಬರೋಣ. ಉಲ್ಟಾ ಬದಿಯಲ್ಲಿ ಎರಡೂ ಕಾಲು, ತುದಿ, ನಡುಗೆರೆ ಚಾಕ್‌ನಿಂದ ಗುರುತಿಸಿ. ಸೀದಾ ಬದಿ ಒಳಗೆ ಬರುವಂತೆ ನಡುಗೆರೆಯಲ್ಲಿ ಮಡಚಿ. ಗುಂಡುಸೂಜಿಯನ್ನು ಒಂದು ಕಾಲಿನ ಗೆರೆಯ ಮೇಲೆ ಚುಚ್ಚಿ, ಹಿಂದೆ ತಿರುಗಿಸಿ ನೋಡಿ. ಅದು ಇನ್ನೊಂದು ಕಾಲಿನ ಗೆರೆಯ ಮೇಲೇ ಹೊರಬರಬೇಕು. ಬರದಿದ್ದರೆ ಈಗಲೇ ಸರಿಪಡಿಸಿ, ಹೊಲಿದ ಮೇಲೆ ಡಾರ್ಟ್ ತಿರುಚಿಕೊಳ್ಳುತ್ತದೆ. ಅಗಲ ಇರುವ ಕಡೆಯಿಂದ ಶುರುಮಾಡಿ, ಅಲ್ಲಿ ರಿವರ್ಸ್ ಹೊಲಿಗೆ ಹಾಕಬಹುದು. ಟಾಕಾದ (ಒಂದೊಂದು ಹೊಲಿಗೆಯ) ಉದ್ದ 2.5 ಮಿ.ಮೀ.

ಕೊನೆಯ 2 ಸೆಂ.ಮೀ. ಬಂದಾಗ ನಿಧಾನಿಸಿ. ಹೆಚ್ಚಿನವರು ಚಾಕ್ ಗೆರೆ ಎಷ್ಟು ನೇರವೋ ಅಷ್ಟೇ ನೇರವಾಗಿ ಬಂದು ಮಡಿಕೆಯನ್ನು ಥಟ್ಟನೆ ದಾಟಿಬಿಡುತ್ತಾರೆ. ತುದಿಯಲ್ಲಿ ಗುಳ್ಳೆ ಏಳುವುದು ಇದರಿಂದಲೇ: ಹಿಡಿದ ಬಟ್ಟೆ ಒಮ್ಮೆಲೇ ಬಿಡುಗಡೆಯಾಗುತ್ತದೆ. ಗೆರೆಯನ್ನು ಮಡಿಕೆಯ ಕಡೆಗೆ ನಯವಾಗಿ ಬಾಗಿಸಿ, ಕೊನೆಯ ಎರಡು ಮೂರು ಟಾಕಾ ಮಡಿಕೆಯಿಂದ ಒಂದೇ ಎಳೆಯಷ್ಟು ಒಳಗೆ, ಮಡಿಕೆಗೆ ಸಮನಾಗಿ ಓಡಲಿ. ಆಮೇಲೆ ಮಡಿಕೆಯಿಂದ ಹೊರಗೆ ಜಾರಲಿ. ತುದಿಯಲ್ಲಿ ರಿವರ್ಸ್ ಬೇಡ, ದಾರ ಗಂಟುಗಂಟಾಗಿ ಸೀದಾ ಬದಿಗೆ ಉಬ್ಬಾಗಿ ಕಾಣುತ್ತದೆ. 8–10 ಸೆಂ.ಮೀ. ದಾರ ಬಿಟ್ಟು ಕತ್ತರಿಸಿ, ಎರಡೂ ದಾರ ಸೇರಿಸಿ ಕೈಯಲ್ಲಿ ಗಂಟು ಹಾಕಿ. ಗಂಟು ಬಟ್ಟೆಗೆ ತಾಗುವಂತಿರಲಿ, ಆದರೆ ದಾರ ಎಳೆದು ಬಿಗಿಯಬೇಡಿ. ಇದು ತ್ರಾಸೆನಿಸಿದರೆ ಕೊನೆಯ 2 ಸೆಂ.ಮೀ.ಗೆ ಟಾಕಾ ಉದ್ದವನ್ನು 1–1.5 ಮಿ.ಮೀ.ಗೆ ಇಳಿಸಿದರೂ ಹೊಲಿಗೆ ಬಿಚ್ಚಿಕೊಳ್ಳುವುದಿಲ್ಲ. ತೆಳು ಬಟ್ಟೆಗೆ ಮಾತ್ರ ಗಂಟೇ ಮೇಲು.

ಮೇಲ್ಭಾಗವೂ ಕೆಳಭಾಗವೂ ಒಂದೇ ತುಂಡಿನಲ್ಲಿರುವ ಅಂಗಿಗೆ ಸೊಂಟದಲ್ಲಿ ಎರಡು ತುದಿಯ ಡಾರ್ಟ್ ಬರುತ್ತದೆ, ನಡುವೆ ಅಗಲ, ಮೇಲೆ ಕೆಳಗೆ ಚೂಪು. ಇದನ್ನು ಒಂದು ತುದಿಯಿಂದ ಇನ್ನೊಂದಕ್ಕೆ ಒಂದೇ ಓಟದಲ್ಲಿ ಹೊಲಿಯಬೇಡಿ. ನಡುವಿನಿಂದ ಮೇಲಿನ ತುದಿಗೆ, ಮತ್ತೆ ನಡುವಿನಿಂದ ಕೆಳತುದಿಗೆ ಹೊಲಿಯಿರಿ. ನಡುವೆ ಎರಡು ಹೊಲಿಗೆ 2 ಸೆಂ.ಮೀ.ನಷ್ಟು ಒಂದರ ಮೇಲೊಂದು ಬರಲಿ. ಅಗಲದ ಜಾಗದಲ್ಲಿ ಮಡಿಕೆಗೆ ಒಂದು ಕತ್ತರಿ ಹಾಕಿ, ಹೊಲಿಗೆಗೆ 3 ಮಿ.ಮೀ. ಮೊದಲೇ ನಿಲ್ಲಿಸಿ. ಆ ಕತ್ತರಿ ಇಲ್ಲದಿದ್ದರೆ ಮಡಿಕೆಯ ಉದ್ದ ಹೊಲಿಗೆಯ ಉದ್ದಕ್ಕೆ ಸಾಲದೆ ಸೊಂಟದಲ್ಲಿ ಅಡ್ಡ ಸುಕ್ಕು ಬೀಳುತ್ತದೆ.

ಇನ್ನು, ಡಾರ್ಟ್ ಇಂಥಲ್ಲೇ ಇರಬೇಕೆಂಬ ಕಟ್ಟಳೆ ಇಲ್ಲ. ಎದೆಯ ಬಿಂದುವನ್ನು ಕೇಂದ್ರವಾಗಿ ಇಟ್ಟುಕೊಂಡರೆ ಡಾರ್ಟನ್ನು ಪಕ್ಕದಿಂದ ಭುಜಕ್ಕೆ, ಭುಜದಿಂದ ಕಂಕುಳಿಗೆ, ಕತ್ತಿಗೆ, ಸೊಂಟಕ್ಕೆ ತಿರುಗಿಸಬಹುದು. ಪ್ಯಾಟರ್ನ್ ಕಾಗದದಲ್ಲಿ ಹೊಸ ಜಾಗದಿಂದ ಬಿಂದುವಿನವರೆಗೆ ಸೀಳಿ, ಹಳೆಯ ಡಾರ್ಟ್ ಮುಚ್ಚಿ ಅಂಟಿಸಿ. ಹೊಸ ಸೀಳು ತಾನಾಗಿ ತೆರೆದುಕೊಳ್ಳುತ್ತದೆ. ಇಲ್ಲಿ ಕಲಿಯುವವರು ಗೊಂದಲಕ್ಕೆ ಬೀಳುವುದು ಅಳತೆಯಲ್ಲಿ. ತಿರುಗಿಸಿದಾಗ ಬದಲಾಗದೆ ಉಳಿಯುವುದು ಕೋನ, ಅಗಲವಲ್ಲ. 15 ಡಿಗ್ರಿ ಕೋನದ ಡಾರ್ಟ್ ಬಿಂದುವಿನಿಂದ 10 ಸೆಂ.ಮೀ. ದೂರದ ಅಂಚಿನಲ್ಲಿ ಸುಮಾರು 2.6 ಸೆಂ.ಮೀ. ಅಗಲ, 20 ಸೆಂ.ಮೀ. ದೂರದ ಅಂಚಿನಲ್ಲಿ ಸುಮಾರು 5.3 ಸೆಂ.ಮೀ. ಕೊಡುವ ಉಬ್ಬು ಎರಡೂ ಕಡೆ ಒಂದೇ. ಪಕ್ಕದಲ್ಲಿದ್ದ ಅಗಲವನ್ನು ಟೇಪ್‌ನಲ್ಲಿ ಅಳೆದು ಅದನ್ನೇ ಭುಜದಲ್ಲಿ ಗುರುತಿಸಿದರೆ ಎದೆಯ ಹತ್ತಿರ ಬಟ್ಟೆ ಒಂದೋ ಸಾಲದು, ಇಲ್ಲವೇ ಹೆಚ್ಚಾದೀತು. ಕೊನೆಗೆ, ಅಂಚನ್ನು ಕತ್ತರಿಸುವ ಮೊದಲು ಕಾಗದದಲ್ಲೇ ಡಾರ್ಟ್ ಮಡಚಿ, ಯಾವ ಕಡೆಗೆ ಇಸ್ತ್ರಿ ಮಾಡುತ್ತೀರೋ ಆ ಕಡೆಗೆ ಮಲಗಿಸಿ, ಆಮೇಲೆ ಕತ್ತರಿಸಿ. ಬಿಚ್ಚಿದಾಗ ಡಾರ್ಟ್ ಬಾಯಲ್ಲಿ ಸಣ್ಣ ಮೂಲೆಯೊಂದು ಕಾಣುತ್ತದೆ. ಅದಿಲ್ಲದಿದ್ದರೆ ಮಡಿಕೆಯ ತುದಿ ಹೊಲಿಗೆಗೆ ಸಿಗದೆ ತೂತು ಉಳಿಯುತ್ತದೆ.

ಭುಜದ ಡಾರ್ಟ್, ಸೊಂಟದ ಡಾರ್ಟ್ ಎರಡನ್ನೂ ಒಂದೇ ಗೆರೆಯಲ್ಲಿ ಕೂಡಿಸಿ ಬಟ್ಟೆಯನ್ನು ಎರಡು ತುಂಡು ಮಾಡಿದರೆ ಅದೇ ಪ್ರಿನ್ಸೆಸ್ ಕಟ್. ಇಲ್ಲಿ ತುದಿಯೇ ಇಲ್ಲ, ಆದ್ದರಿಂದ ಗುಳ್ಳೆಯ ಭಯವೂ ಇಲ್ಲ. ಮೈಗೆ ತೀರಾ ಅಂಟಿದಂತೆ ಬರಬೇಕಾದ ಉಡುಪಿಗೆ ಇದೇ ಸರಿಯಾದ ದಾರಿ ಎಂಬುದು ನನ್ನ ಅಭಿಪ್ರಾಯ. ಆದರೆ ಹೊಲಿಯುವುದು ಕಷ್ಟ, ಯಾಕೆಂದರೆ ಪಕ್ಕದ ತುಂಡು ಹೊರಕ್ಕೆ ಉಬ್ಬಿದ ಬಾಗು, ನಡುವಿನ ತುಂಡು ಒಳಕ್ಕೆ ಬಾಗಿದ ಅಂಚು. ಎರಡನ್ನೂ ಮೇಜಿನ ಮೇಲೆ ಚಪ್ಪಟೆಯಾಗಿ ಇಟ್ಟರೆ ಸೇರುವುದೇ ಇಲ್ಲ.

ಒಳಬಾಗಿನ ಅಂಚಿಗೆ ಮೊದಲು ಒಂಟಿ ಪದರದಲ್ಲೇ ಒಂದು ಕಾವಲು ಹೊಲಿಗೆ ಹಾಕಿ. ಟಾಕಾ 2 ಮಿ.ಮೀ., ನಿಜವಾದ ಹೊಲಿಗೆಯ ಗೆರೆಗಿಂತ 2 ಮಿ.ಮೀ. ಅಂಚಿನ ಕಡೆಗೆ. ಆಮೇಲೆ ಬಾಗಿನ ಜಾಗದಲ್ಲಿ ಮಾತ್ರ ಮಾರ್ಜಿನ್‌ಗೆ, ಅಂದರೆ ಹೊಲಿಗೆಗೆಂದು ಬಿಟ್ಟ ಅಂಚಿಗೆ, 1 ಸೆಂ.ಮೀ.ಗೆ ಒಂದರಂತೆ ಕಾವಲು ಹೊಲಿಗೆಯವರೆಗೆ ಕತ್ತರಿ ಹಾಕಿ. ಈಗ ಅಂಚು ತೆರೆದುಕೊಂಡು ಉಬ್ಬಿದ ತುಂಡಿನ ಸುತ್ತ ಕೂರುತ್ತದೆ. ಗುರುತಿಗೆ ಗುರುತು ಸೇರಿಸಿ ಗುಂಡುಸೂಜಿ ಚುಚ್ಚಿ, ಕತ್ತರಿ ಹಾಕಿದ ತುಂಡು ಮೇಲೆ ಬರುವಂತೆ ಹೊಲಿಯಿರಿ. ಹೊಲಿದಾದ ಮೇಲೆ ಉಬ್ಬಿದ ತುಂಡಿನ ಮಾರ್ಜಿನ್‌ನಿಂದ ತ್ರಿಕೋನದ ಸಣ್ಣ ಚೂರುಗಳನ್ನು ತೆಗೆಯಿರಿ.

ಎಲ್ಲಿ ಬರೀ ಸೀಳಬೇಕು, ಎಲ್ಲಿ ತ್ರಿಕೋನ ತೆಗೆಯಬೇಕು ಎಂದು ಬಾಯಿಪಾಠ ಮಾಡುವುದು ಬೇಡ. ಮಾರ್ಜಿನ್‌ನ ಅಂಚು ಹೊಲಿಗೆಗಿಂತ ಚಿಕ್ಕದಾಗಿದ್ದರೆ ಅದು ಹಿಗ್ಗಬೇಕು, ಸೀಳಿ. ಉದಾಹರಣೆಗೆ ಕತ್ತಿನ ಸುತ್ತು. ಹೊಲಿಗೆಗಿಂತ ಉದ್ದವಾಗಿದ್ದರೆ ಒಳಗೆ ತಿರುಗಿಸಿದಾಗ ಗುಪ್ಪೆಯಾಗುತ್ತದೆ, ಚೂರು ತೆಗೆಯಿರಿ. ಉದಾಹರಣೆಗೆ ದುಂಡು ಕಾಲರ್‌ನ ಹೊರ ಅಂಚು. ಕತ್ತಿಗೆ ಒಳಪಟ್ಟಿ, ಅಂದರೆ ಅಂಚಿಗೆ ಹೊಲಿದು ಒಳಬದಿಗೆ ತಿರುಗಿಸುವ ಪಟ್ಟಿ, ಕೊಡುವಾಗ ಇನ್ನೊಂದು ಕೆಲಸ ಉಳಿದಿರುತ್ತದೆ. ಮಾರ್ಜಿನ್‌ನ ಎರಡು ಪದರಗಳಲ್ಲಿ ಒಂದನ್ನು 6 ಮಿ.ಮೀ.ಗೂ ಒಳಪಟ್ಟಿಯದನ್ನು 3 ಮಿ.ಮೀ.ಗೂ ಇಳಿಸಿ, ಎರಡನ್ನೂ ಒಳಪಟ್ಟಿಯ ಕಡೆಗೆ ಮಲಗಿಸಿ, ಹೊಲಿಗೆಯಿಂದ 2 ಮಿ.ಮೀ. ದೂರದಲ್ಲಿ ಒಳಪಟ್ಟಿಯ ಮೇಲೆ ಇನ್ನೊಂದು ಹೊಲಿಗೆ ಓಡಿಸಿ. ಒಳಪಟ್ಟಿ ಮತ್ತೆ ಹೊರಗೆ ಇಣುಕುವುದಿಲ್ಲ.

ಬಟ್ಟೆಯನ್ನು ಕಾಣದಂತೆ ಅಡಗಿಸುವ ವಿಧಾನಕ್ಕೆ ಬರುತ್ತೇನೆ. ಉದ್ದದ ಅಂಚನ್ನು ಚಿಕ್ಕ ಅಂಚಿಗೆ ಒಂದು ಸುಕ್ಕೂ ಇಲ್ಲದೆ ಸೇರಿಸುವುದಕ್ಕೆ ಈಸ್ ಎನ್ನುತ್ತಾರೆ. ಚೆನ್ನಾಗಿ ಕತ್ತರಿಸಿದ ಅಂಗಿಯಲ್ಲಿ ಹಿಂಭಾಗದ ಭುಜ ಮುಂಭಾಗದ ಭುಜಕ್ಕಿಂತ 0.6ರಿಂದ 1 ಸೆಂ.ಮೀ. ಉದ್ದವಿರುತ್ತದೆ. ಬೆನ್ನಿನ ಭುಜದ ಮೂಳೆಗೆ ಬೇಕಾದ ದುಂಡು ಅಲ್ಲಿಂದ ಬರುತ್ತದೆ. ಇದನ್ನು ಹೊಲಿಯುವಾಗ ಮೆಷಿನ್ನೇ ಸಹಾಯ ಮಾಡುತ್ತದೆ. ಮೆಷಿನ್‌ನ ಹಲ್ಲು ಕೆಳಗಿನ ಪದರವನ್ನು ಎಳೆಯುತ್ತದೆ, ಮೇಲಿನ ಪದರವನ್ನು ಪ್ರೆಸರ್ ಫೂಟ್ ಅದುಮಿ ತಡೆಯುತ್ತದೆ. ಹೀಗಾಗಿ ಕೆಳಗಿನದು ತುಸು ಹೆಚ್ಚು ಒಳಗೆ ಹೋಗುತ್ತದೆ. ಉದ್ದದ ತುಂಡನ್ನು ಕೆಳಗಿಡಿ, ಅರ್ಧ ಕೆಲಸ ಮುಗಿಯಿತು. ಒಂದೇ ಅಳತೆಗೆ ಕತ್ತರಿಸಿದ ಎರಡು ತುಂಡು ಹೊಲಿದು ಮುಗಿಸಿದಾಗ ಮೇಲಿನದು ಉದ್ದವಾಗಿ ಉಳಿಯುವುದೂ ಇದೇ ಕಾರಣಕ್ಕೆ. ಗುಂಡುಸೂಜಿ ಹಾಕದೆ ಉದ್ದ ಹೊಲಿಗೆ ಹೊಲಿಯುವವರಿಗೆ ಇದು ದಿನವೂ ಎದುರಾಗುವ ತೊಂದರೆ.

ತೋಳಿನ ತಲೆಯಲ್ಲಿ ಈಸ್ ಹೆಚ್ಚು. ಜಾಕೆಟ್‌ನಲ್ಲಿ ತೋಳಿನ ತಲೆ ಕಂಕುಳ ಸುತ್ತಿಗಿಂತ 2–4 ಸೆಂ.ಮೀ. ಉದ್ದ, ಸಾದಾ ಶರ್ಟ್‌ನಲ್ಲಿ 1.5 ಸೆಂ.ಮೀ.ಗಿಂತ ಹೆಚ್ಚು ಬೇಡ. ಮುಂದಿನ ಗುರುತಿನಿಂದ ಹಿಂದಿನ ಗುರುತಿನವರೆಗೆ 3.5–4 ಮಿ.ಮೀ. ಟಾಕಾದ ಎರಡು ಸಾಲು ಹಾಕಿ, ಬಾಬಿನ್ ದಾರವನ್ನು (ಮೆಷಿನ್‌ನ ಕೆಳಗಿನಿಂದ ಬರುವ ದಾರ) ಮೆಲ್ಲಗೆ ಎಳೆಯಿರಿ. ಅಂಚು ಬಟ್ಟಲಿನಂತೆ ಒಳಕ್ಕೆ ಬಾಗಬೇಕು, ಸುಕ್ಕು ಕಾಣಬಾರದು. ಭುಜದ ಹೊಲಿಗೆ ಬಂದು ಸೇರುವ ಜಾಗದಲ್ಲಿ ಎರಡು ಸೆಂ.ಮೀ. ಸಪಾಟಾಗಿ ಬಿಟ್ಟು, ಉಳಿದದ್ದನ್ನು ಎರಡೂ ಕಡೆ ಹರಡಿ. ಇಲ್ಲಿ ಮಾತ್ರ ಉದ್ದದ ತುಂಡು, ಅಂದರೆ ತೋಳು, ಮೇಲೆ ಇರಲಿ. ದಾರ ಅದನ್ನು ಆಗಲೇ ಹಿಡಿದಿದೆ, ನಿಮ್ಮ ಕಣ್ಣು ಅದರ ಮೇಲಿದ್ದರೆ ಸುಕ್ಕು ಸೂಜಿಯ ಕೆಳಗೆ ನುಗ್ಗುವುದಿಲ್ಲ. ಉಣ್ಣೆ ಬಟ್ಟೆ ಹಬೆಗೆ ಕುಗ್ಗಿ ಈಸ್ ಅನ್ನು ನುಂಗಿಕೊಳ್ಳುತ್ತದೆ. ಒತ್ತಾಗಿ ನೇಯ್ದ ಹತ್ತಿ, ಪಾಲಿಯೆಸ್ಟರ್ ಕುಗ್ಗುವುದಿಲ್ಲ. ಅಂಥ ಬಟ್ಟೆಯಲ್ಲಿ ಸುಕ್ಕು ಹೋಗುತ್ತಲೇ ಇಲ್ಲವೆಂದರೆ ತಪ್ಪು ಕೈಯದಲ್ಲ, ಪ್ಯಾಟರ್ನ್‌ನದು. ತೋಳಿನ ತಲೆಯ ಎತ್ತರವನ್ನು ಅರ್ಧ ಸೆಂ.ಮೀ. ಇಳಿಸಿ ಮತ್ತೆ ಅಳೆಯಿರಿ.

ಗ್ಯಾದರ್‌ನಲ್ಲಿ ಇದರ ತದ್ವಿರುದ್ಧ, ಸುಕ್ಕು ಕಾಣಲೆಂದೇ ಹಾಕುವುದು. ಎಷ್ಟು ಬಟ್ಟೆ ಬೇಕು? ದಪ್ಪ ಬಟ್ಟೆಗೆ ಮುಗಿದ ಅಳತೆಯ ಒಂದೂವರೆ ಪಟ್ಟು, ಸಾಮಾನ್ಯ ಹತ್ತಿಗೆ ಎರಡು ಪಟ್ಟು, ಶಿಫಾನ್‌ನಂಥ ತೆಳು ಬಟ್ಟೆಗೆ ಎರಡೂವರೆಯಿಂದ ಮೂರು ಪಟ್ಟು. ತೆಳು ಬಟ್ಟೆಗೆ ಒಂದೂವರೆ ಪಟ್ಟು ಕೊಟ್ಟರೆ ಅದು ಗ್ಯಾದರ್ ಅನ್ನಿಸುವುದಿಲ್ಲ, ಅಳತೆ ತಪ್ಪಿದ ಹೊಲಿಗೆಯಂತೆ ಕಾಣುತ್ತದೆ. ಸಾಧ್ಯವಾದ ಕಡೆಯೆಲ್ಲ ಹಾಸು ಮೇಲಿನಿಂದ ಕೆಳಕ್ಕೆ ಬರುವಂತೆ ಕತ್ತರಿಸಿ, ಹೊಕ್ಕಿನ ಉದ್ದಕ್ಕೆ ಗ್ಯಾದರ್ ಎಳೆಯಿರಿ. ಬಟ್ಟೆ ಮೆತ್ತಗೆ ಬೀಳುತ್ತದೆ.

ಒಂದೇ ಸಾಲು ಹಾಕಿ ಎಳೆಯುವ ಅಭ್ಯಾಸ ದಯವಿಟ್ಟು ಬಿಡಿ. ಒಂದು ಸಾಲಿನ ಮೇಲೆ ಸುಕ್ಕುಗಳು ಉರುಳಾಡುತ್ತವೆ, ಹೊಲಿಯುವಾಗ ಅಡ್ಡಾದಿಡ್ಡಿ ಮಲಗುತ್ತವೆ. ಮಾರ್ಜಿನ್ 1.5 ಸೆಂ.ಮೀ. ಇದ್ದರೆ ಅಂಚಿನಿಂದ 1.2 ಸೆಂ.ಮೀ.ನಲ್ಲಿ ಒಂದು, 1.8ರಲ್ಲಿ ಇನ್ನೊಂದು ಸಾಲು ಹಾಕಿ. ಟಾಕಾ 4–5 ಮಿ.ಮೀ., ಮೇಲಿನ ದಾರದ ಟೆನ್ಷನ್ ಒಂದೆರಡು ಅಂಕಿ ಸಡಿಲ. ನಿಜವಾದ ಹೊಲಿಗೆ ಇವೆರಡರ ನಡುವೆ ಓಡುತ್ತದೆ, ಸುಕ್ಕುಗಳು ಎರಡೂ ಬದಿಯಲ್ಲಿ ಹಿಡಿತದಲ್ಲಿರುತ್ತವೆ. ಮುಗಿದ ಮೇಲೆ ಹೊರಗೆ ಕಾಣುವ ಸಾಲನ್ನು ಬಿಚ್ಚಿ ತೆಗೆಯುತ್ತೇವೆ. ಸೂಜಿಯ ತೂತು ಉಳಿಯುವ ಸ್ಯಾಟಿನ್‌ನಂಥ ಬಟ್ಟೆಯಾದರೆ ಎರಡೂ ಸಾಲನ್ನು ಮಾರ್ಜಿನ್ ಒಳಗೇ ಹಾಕಿ.

ಎಳೆಯುವ ಮೊದಲು ಉದ್ದದ ಅಂಚನ್ನೂ ಸೊಂಟಪಟ್ಟಿಯನ್ನೂ ನಾಲ್ಕು ಸಮಭಾಗ ಮಾಡಿ ಗುರುತಿಸಿ, ಗುರುತಿಗೆ ಗುರುತು ಸೇರಿಸಿ. ಎರಡು ಸಾಲಿನ ಬಾಬಿನ್ ದಾರವನ್ನೂ ಒಟ್ಟಿಗೆ ಎಳೆಯಿರಿ, ತುದಿಯಲ್ಲಿ ಗುಂಡುಸೂಜಿಗೆ ಎಂಟರ ಆಕಾರದಲ್ಲಿ ಸುತ್ತಿ ನಿಲ್ಲಿಸಿ. ಉದ್ದ ತುಂಡಾದರೆ ಒಂದೇ ಓಟದಲ್ಲಿ ಸಾಲು ಹಾಕಬೇಡಿ, ಪ್ರತಿ ಭಾಗಕ್ಕೂ ಬೇರೆ ದಾರ. ಇಲ್ಲದಿದ್ದರೆ ನಡುವೆ ದಾರ ಕಡಿದು ಎಲ್ಲವೂ ಮೊದಲಿನಿಂದ ಆಗಬೇಕು. ಹೊಲಿಯುವಾಗ ಗ್ಯಾದರ್ ಬದಿ ಮೇಲಿರಲಿ. ಇಸ್ತ್ರಿಯ ಮೊನೆಯನ್ನು ಮಾರ್ಜಿನ್ ಮೇಲೆ ಮಾತ್ರ ಒತ್ತಿ. ಸುಕ್ಕಿನ ಮೇಲೆ ಪೂರ್ತಿ ಇಟ್ಟರೆ ಅದು ಮಡಿಕೆಯಾಗಿ ಅಚ್ಚೊತ್ತುತ್ತದೆ.

ಎಲಾಸ್ಟಿಕ್ ದಾರದಿಂದ ಸಾಲುಸಾಲಾಗಿ ಕುಗ್ಗಿಸುವುದಾದರೆ ಅದನ್ನು ಬಾಬಿನ್‌ಗೆ ಕೈಯಲ್ಲೇ, ಎಳೆಯದೆ ಸುತ್ತಿ. ಮೇಲೆ ಸಾದಾ ದಾರ, ಟಾಕಾ 3.5–4 ಮಿ.ಮೀ., ಸಾಲುಗಳ ನಡುವೆ 1 ಸೆಂ.ಮೀ. ಎರಡನೆಯ ಸಾಲಿನಿಂದ ಮುಂದೆ ಬಟ್ಟೆಯನ್ನು ಚಪ್ಪಟೆಯಾಗುವಂತೆ ಹಿಗ್ಗಿಸಿ ಹಿಡಿದು ಹೊಲಿಯಿರಿ. ಎಲ್ಲ ಮುಗಿದ ಮೇಲೆ ಉಲ್ಟಾ ಬದಿಯಿಂದ ಹಬೆ ತೋರಿಸಿದರೆ ಇನ್ನಷ್ಟು ಕುಗ್ಗುತ್ತದೆ. ಆದ್ದರಿಂದ ಅಳತೆ ಹಬೆಯ ನಂತರವೇ ತೆಗೆಯಿರಿ.

ನೆರಿಗೆಯಲ್ಲಿ ಸೂಜಿಗಿಂತ ಲೆಕ್ಕ ಮುಖ್ಯ. ಒಂದೇ ಕಡೆಗೆ ಮಲಗುವ ನೆರಿಗೆ, ಎರಡು ಮಡಿಕೆ ಹೊರಮುಖವಾಗಿರುವ ಬಾಕ್ಸ್ ನೆರಿಗೆ, ಅವು ಒಳಮುಖವಾದರೆ ಇನ್ವರ್ಟೆಡ್. ಯಾವುದೇ ಆಗಲಿ, ನೆರಿಗೆಗಳು ಒಂದಕ್ಕೊಂದು ತಾಗುವಂತೆ ಪೂರ್ಣ ಆಳ ಬೇಕಾದರೆ ಬಟ್ಟೆ ಮೂರು ಪಟ್ಟು. ಹಿಪ್ 96 ಸೆಂ.ಮೀ., 24 ನೆರಿಗೆ ಎಂದಿಟ್ಟುಕೊಳ್ಳಿ. ಕಾಣುವ ಅಗಲ 4 ಸೆಂ.ಮೀ., ಒಳಗೆ ಅಡಗುವುದು 8, ಒಟ್ಟು 12. 24 ನೆರಿಗೆಗೆ 288 ಸೆಂ.ಮೀ., ಮೇಲೆ ಮಾರ್ಜಿನ್. ಸೊಂಟದಲ್ಲಿ 72 ಬೇಕಲ್ಲ, ಪ್ರತಿ ನೆರಿಗೆಯನ್ನು ಅಲ್ಲಿ 1 ಸೆಂ.ಮೀ. ಹೆಚ್ಚು ಒಳಗೆ ಸರಿಸಿ, ಹಿಪ್‌ನವರೆಗೆ ಕ್ರಮೇಣ ಸೊನ್ನೆಗೆ ಇಳಿಸಿ. ಅಲ್ಲಿಗೆ ಪ್ರತಿ ನೆರಿಗೆಯೊಳಗೂ ಒಂದು ಡಾರ್ಟ್ ಅಡಗಿತು. ಆದರೆ ಪ್ರತಿ ನೆರಿಗೆಯಲ್ಲಿ ಬರೀ 2 ಮಿ.ಮೀ. ತಪ್ಪಿದರೂ ಕೊನೆಗೆ 4.8 ಸೆಂ.ಮೀ. ವ್ಯತ್ಯಾಸ. ಆದ್ದರಿಂದ ಒಂದು ನೆರಿಗೆಯಿಂದ ಮುಂದಿನದನ್ನು ಅಳೆಯುತ್ತಾ ಹೋಗಬೇಡಿ. ಟೇಪನ್ನು ಉದ್ದಕ್ಕೆ ಹಾಸಿ, ಒಂದೇ ತುದಿಯಿಂದ 12, 24, 36 ಎಂದು ಗುರುತು ಹಾಕಿ.

ಕೆಳಗಿನ ಅಂಚನ್ನು ನೆರಿಗೆ ಹಿಡಿಯುವ ಮೊದಲೇ ಮಡಚಿ ಹೊಲಿಯಿರಿ. ನೆರಿಗೆಗಳನ್ನು ಉದ್ದಕ್ಕೂ ಕಚ್ಚಾ ಹೊಲಿಗೆಯಲ್ಲಿ ಹಿಡಿದು, ಒದ್ದೆ ಬಟ್ಟೆ ಹಾಸಿ ಎರಡೂ ಬದಿ ಇಸ್ತ್ರಿ ಮಾಡಿ, ಪೂರ್ತಿ ಆರುವವರೆಗೆ ಕದಲಿಸಬೇಡಿ. ಮಡಿಕೆಯ ಗೆರೆ ಹಾಸಿನ ಎಳೆಯ ಮೇಲಿದ್ದರೆ ನೇರವಾಗಿ ಬೀಳುತ್ತದೆ, ತಪ್ಪಿದರೆ ನೆರಿಗೆ ಬಾಯಿ ಬಿಡುತ್ತದೆ. ಹತ್ತಿಯ ನೆರಿಗೆ ಒಗೆದಾಗ ಹೋಗುತ್ತದೆ. ಪಾಲಿಯೆಸ್ಟರ್ ಶಾಖಕ್ಕೆ ಮೆತ್ತಗಾಗಿ ತಣಿದಾಗ ಹೊಸ ಆಕಾರದಲ್ಲೇ ಗಟ್ಟಿಯಾಗುವುದರಿಂದ ನೆರಿಗೆ ಉಳಿಯುತ್ತದೆ. ಜಪಾನಿನ ಇಸ್ಸೆ ಮಿಯಾಕೆ 1993ರಲ್ಲಿ ಶುರುಮಾಡಿದ ‘ಪ್ಲೀಟ್ಸ್ ಪ್ಲೀಸ್’ ಉಡುಪುಗಳ ಆಧಾರ ಇದೇ ಗುಣ. ಅಲ್ಲಿ ಉಡುಪನ್ನು ಬೇಕಾದ್ದಕ್ಕಿಂತ ಎಷ್ಟೋ ದೊಡ್ಡದಾಗಿ ಕತ್ತರಿಸಿ ಹೊಲಿದು, ಆಮೇಲೆ ಇಡೀ ಉಡುಪಿಗೇ ಶಾಖದ ಒತ್ತಿನಲ್ಲಿ ನೆರಿಗೆ ಕೊಡುತ್ತಾರೆ.

ಟಕ್ಸ್, ಅಂದರೆ ಉದ್ದಕ್ಕೂ ಹೊಲಿದು ನಿಲ್ಲಿಸುವ ಸಣ್ಣ ಮಡಿಕೆಗಳ ಬಗ್ಗೆ ಎರಡೇ ಮಾತು. 3 ಮಿ.ಮೀ.ನ ಒಂದು ಟಕ್ 6 ಮಿ.ಮೀ. ಬಟ್ಟೆ ನುಂಗುತ್ತದೆ, ಹತ್ತು ಟಕ್‌ಗೆ 6 ಸೆಂ.ಮೀ. ಮೊದಲು ಬಟ್ಟೆಯಲ್ಲಿ ಟಕ್ಸ್ ಹಾಕಿ, ಆಮೇಲೆ ಪ್ಯಾಟರ್ನ್ ಇಟ್ಟು ಕತ್ತರಿಸಿ.

ಹೊಲಿಗೆಯೇ ಇಲ್ಲದೆ ಆಕಾರ ಕೊಡುವ ದಾರಿಯೂ ಇದೆ, ಅದು ಓರೆ ಕಟ್. 45 ಡಿಗ್ರಿಯಲ್ಲಿ ಕತ್ತರಿಸಿದ ಬಟ್ಟೆ ತನ್ನ ಭಾರಕ್ಕೇ ಉದ್ದವಾಗಿ, ಅಗಲದಲ್ಲಿ ಕುಗ್ಗಿ ಮೈಗೆ ಒಪ್ಪಿಕೊಳ್ಳುತ್ತದೆ. ಪ್ಯಾರಿಸ್ಸಿನ ಮದಲೇನ್ ವಿಯೋನೆ 1920–30ರ ದಶಕಗಳಲ್ಲಿ ಇಡೀ ಉಡುಪನ್ನೇ ಹೀಗೆ ಕತ್ತರಿಸಿ ಹೆಸರಾದರು. ನಮಗೆ ಇದು ಹೆಚ್ಚಾಗಿ ಎದುರಾಗುವುದು ಪೂರ್ಣ ವೃತ್ತದ ಸ್ಕರ್ಟ್‌ನಲ್ಲಿ. ಸೊಂಟವನ್ನು 6.28ರಿಂದ ಭಾಗಿಸಿದರೆ ತ್ರಿಜ್ಯ ಸಿಗುತ್ತದೆ. 72ಕ್ಕೆ ಸುಮಾರು 11.5 ಸೆಂ.ಮೀ. ಮಾರ್ಜಿನ್ 1 ಸೆಂ.ಮೀ. ಇದ್ದರೆ ಕತ್ತರಿಸುವುದು 10.5ಕ್ಕೆ. ಇಲ್ಲಿ ಮಾರ್ಜಿನ್ ಕಳೆಯುವುದನ್ನು ಮರೆತರೆ ಸೊಂಟ 6 ಸೆಂ.ಮೀ.ಗೂ ಹೆಚ್ಚು ದೊಡ್ಡದಾಗುತ್ತದೆ. ಅರ್ಧ ವೃತ್ತಕ್ಕೆ 3.14ರಿಂದ ಭಾಗಿಸಿ. ಕತ್ತರಿಸಿದ ಕೂಡಲೇ ಸೊಂಟದ ಅಂಚಿಗೆ ಕಾವಲು ಹೊಲಿಗೆ ಹಾಕಿ, ಅದರ ಕೆಲವು ಭಾಗ ಓರೆಯಲ್ಲಿದ್ದು ಮುಟ್ಟಿದರೆ ಹಿಗ್ಗುತ್ತದೆ. ಕೆಳಗಿನ ಅಂಚನ್ನು ಅಂದೇ ಮಡಚಬೇಡಿ. ಒಂದು ಇಡೀ ದಿನ ತೂಗುಹಾಕಿ. ಓರೆಯ ನಾಲ್ಕು ಕಡೆ ಬಟ್ಟೆ ಇಳಿದಿರುತ್ತದೆ. ತೊಟ್ಟವರನ್ನು ನಿಲ್ಲಿಸಿ ನೆಲದಿಂದ ಅಳೆದು ಸಮ ಮಾಡಿ, ಆಮೇಲೆ ಮಡಚಿ.

ಇಷ್ಟರಲ್ಲಿ ಎಷ್ಟು ಸಲ ಇಸ್ತ್ರಿ ಬಂತು ನೋಡಿ. ಆಕಾರದ ಅರ್ಧ ಕೆಲಸ ಆಗುವುದು ಅಲ್ಲೇ. ಇಸ್ತ್ರಿಯನ್ನು ಎಳೆದಾಡಬೇಡಿ, ಎತ್ತಿ ಇಡಿ, ಎತ್ತಿ ಇಡಿ. ಎಳೆದರೆ ಓರೆ ಅಂಚುಗಳು ಹಿಗ್ಗುತ್ತವೆ. ಡಾರ್ಟನ್ನು ಮೊದಲು ಹೊಲಿದಂತೆಯೇ ಮಡಿಕೆಯಲ್ಲಿ ಒತ್ತಿ, ಆದರೆ ಮೊನೆ ತುದಿಯನ್ನು ದಾಟದಿರಲಿ, ದಾಟಿದರೆ ಮುಂದಿನ ಬಟ್ಟೆಗೂ ಗೆರೆ ಬೀಳುತ್ತದೆ. ಆಮೇಲೆ ಬಿಡಿಸಿ, ಗಟ್ಟಿ ದುಂಡು ದಿಂಬಿನ ಮೇಲೆ ಇಟ್ಟು ಒತ್ತಿ. ಲಂಬ ಡಾರ್ಟ್ ನಡುಗೆರೆಯ ಕಡೆಗೆ, ಅಡ್ಡ ಡಾರ್ಟ್ ಕೆಳಕ್ಕೆ ಮಲಗಲಿ. ಮರದ ಹೊಟ್ಟು ಒತ್ತಿ ತುಂಬಿದ ದಿಂಬು ಒಳ್ಳೆಯದು, ಯಾಕೆಂದರೆ ಅದು ಹಬೆಯ ತೇವವನ್ನು ಹೀರುತ್ತದೆ. ಅದಿಲ್ಲದಿದ್ದರೆ ಟವೆಲನ್ನು ಬಿಗಿಯಾಗಿ ಸುತ್ತಿ ಕಟ್ಟಿಕೊಳ್ಳಿ. ಸಪಾಟು ಮೇಜಿನ ಮೇಲೆ ಡಾರ್ಟ್ ಒತ್ತಿದರೆ ಈಗಷ್ಟೇ ಕಷ್ಟಪಟ್ಟು ಎಬ್ಬಿಸಿದ ಉಬ್ಬನ್ನು ನೀವೇ ಮತ್ತೆ ಚಪ್ಪಟೆ ಮಾಡಿದಂತೆ. ದಪ್ಪ ಬಟ್ಟೆಯಲ್ಲಿ ಮಡಿಕೆಯ ಕೆಳಗೆ ಕಾಗದದ ಪಟ್ಟಿ ಇಡಿ, ಸೀದಾ ಬದಿಗೆ ಅಚ್ಚು ಬೀಳುವುದಿಲ್ಲ. ತೀರಾ ದಪ್ಪವಾದರೆ ಮಡಿಕೆಯನ್ನು ತುದಿಗೆ 1.5 ಸೆಂ.ಮೀ. ಮೊದಲಿನವರೆಗೆ ಸೀಳಿ ಎರಡು ಕಡೆಗೂ ಬಿಡಿಸಿ ಒತ್ತಿ.

ಉಪನ್ಯಾಸದ ಕೊನೆಯಲ್ಲಿ ಬಂದ ಎರಡು ಪ್ರಶ್ನೆಗಳು ಇಲ್ಲಿವೆ.

ಟೀ ಶರ್ಟಿನಂಥ ಹೆಣೆದ ಬಟ್ಟೆಗೂ ಡಾರ್ಟ್ ಬೇಕೇ?

ಹೆಚ್ಚಿನ ಸಲ ಬೇಡ. ಹೆಣೆದ ಬಟ್ಟೆ ಹಿಗ್ಗಿ ಆ ಕೆಲಸವನ್ನು ತಾನೇ ಮಾಡುತ್ತದೆ. ಆದರೆ ಎದೆಯ ಕಡೆಯಿಂದ ಕಂಕುಳಿಗೆ ಓರೆ ಸುಕ್ಕು ಬೀಳುತ್ತಿದ್ದರೆ ಅಲ್ಲಿ ಬಟ್ಟೆ ಸಾಲುತ್ತಿಲ್ಲ ಎಂದರ್ಥ. ಮುಂಭಾಗದ ಪಕ್ಕದ ಹೊಲಿಗೆಗೆ 1–1.5 ಸೆಂ.ಮೀ. ಉದ್ದ ಸೇರಿಸಿ, ಎದೆಯ ನೇರದಲ್ಲಿ 8–10 ಸೆಂ.ಮೀ. ಜಾಗದಲ್ಲಿ ಅದನ್ನು ಈಸ್ ಆಗಿ ಹಿಂಭಾಗಕ್ಕೆ ಕೂಡಿಸಿ. ಹೊಲಿಯುವಾಗ ಮುಂಭಾಗ ಕೆಳಗಿರಲಿ.

ಹೊಲಿದು ಮುಗಿಸಿದ ಉಡುಪಿನಲ್ಲಿ ಡಾರ್ಟ್ ತುದಿ ಗುಳ್ಳೆಯಾಗಿ ನಿಂತಿದ್ದರೆ ಎಲ್ಲ ಬಿಚ್ಚಬೇಕೇ?

ಮೊದಲು ದಿಂಬಿನ ಮೇಲಿಟ್ಟು ಹಬೆ ಕೊಟ್ಟು, ಕೈಯಿಂದ ಒತ್ತಿ ತಣಿಯಲು ಬಿಡಿ. ಉಣ್ಣೆಯಲ್ಲಿ, ಸಡಿಲ ನೇಯ್ಗೆಯ ಹತ್ತಿಯಲ್ಲಿ ಸಣ್ಣ ಗುಳ್ಳೆ ಇಷ್ಟಕ್ಕೇ ಕೂರುತ್ತದೆ. ಕೂರದಿದ್ದರೆ ಪೂರ್ತಿ ಬಿಚ್ಚುವುದು ಬೇಡ. ತುದಿಯ 3 ಸೆಂ.ಮೀ. ಮಾತ್ರ ಬಿಚ್ಚಿ, ಹಳೆಯ ಹೊಲಿಗೆಯ ಮೇಲೆ 1 ಸೆಂ.ಮೀ. ಹಿಂದಿನಿಂದ ಮತ್ತೆ ಶುರುಮಾಡಿ, ಡಾರ್ಟನ್ನು 1–1.5 ಸೆಂ.ಮೀ. ಉದ್ದ ಮಾಡಿ ಮಡಿಕೆಯ ಗುಂಟ ಜಾರಿಸಿ. ಎದೆಯ ಡಾರ್ಟ್ ಆಗಿದ್ದು ತುದಿ ಆಗಲೇ ಬಿಂದುವಿಗೆ ಹತ್ತಿರವಿದ್ದರೆ ಉದ್ದ ಮಾಡಲು ಜಾಗವಿರುವುದಿಲ್ಲ. ಆಗ ಬಾಯಿಯ ಅಗಲವನ್ನೇ 5 ಮಿ.ಮೀ. ಕಡಿಮೆ ಮಾಡಿ ಪೂರ್ತಿ ಡಾರ್ಟ್ ಹೊಸದಾಗಿ ಹೊಲಿಯಿರಿ, ಉಳಿದ 5 ಮಿ.ಮೀ.ಯನ್ನು ಪಕ್ಕದ ಹೊಲಿಗೆಯಲ್ಲಿ ಹಿಂಭಾಗಕ್ಕೆ ಈಸ್ ಮಾಡಿ.